ರಿಪೋರ್ಟ್ ಬರೆಯುವ ಡಾಕ್ಟರ್ ಎದುರಿಗೆ ಬಂದರೆ

ಕೋಲಾರದ ಒಂದು ಆಸ್ಪತ್ರೆಯಲ್ಲಿ ನಾನು ಪೆಥಾಲಜಿಸ್ಟ್, ಅಂದರೆ ದೇಹದಿಂದ ತೆಗೆದ ತುಂಡನ್ನು (ಬಯಾಪ್ಸಿ) ಮೈಕ್ರೋಸ್ಕೋಪ್‌ನಲ್ಲಿ ನೋಡಿ ರೋಗ ಪತ್ತೆ ಮಾಡುವ ಡಾಕ್ಟರ್. ಲ್ಯಾಬ್ ಕೌಂಟರ್‌ನಲ್ಲಿ ಜಾಸ್ತಿ ಕೇಳಿಬರುವ ಪ್ರಶ್ನೆ ಇದು: 'ರಕ್ತದ ರಿಪೋರ್ಟ್ ಸಂಜೆಗೇ ಸಿಗುತ್ತೆ, ಬಯಾಪ್ಸಿಗೆ ಯಾಕಿಷ್ಟು ದಿನ? ಮಿಷನ್ ಕೆಟ್ಟಿದೆಯಾ?' ಕೇಳುವವರ ತಪ್ಪಿಲ್ಲ. ಎಂಬಿಬಿಎಸ್ ಆದ ಮೇಲೆ ಮೂರು ವರ್ಷ ಎಂಡಿ ಓದಿದ ಡಾಕ್ಟರೊಬ್ಬರು ಒಳಗೆ ಕೂತು ಅವರ ಅಮ್ಮನ ಸ್ಲೈಡ್ ನೋಡುತ್ತಾರೆ ಅಂತ ಅವರಿಗೆ ಯಾರೂ ಹೇಳಿಲ್ಲ.

ನಮ್ಮ ಕಡೆ ಬಾಯಿ ಕ್ಯಾನ್ಸರ್ ಜಾಸ್ತಿ. ಹೊಗೆಸೊಪ್ಪು, ಕಡ್ಡಿಪುಡಿಯನ್ನು ಕೆನ್ನೆ ಸಂದಿಯಲ್ಲಿ ಗಂಟೆಗಟ್ಟಲೆ ಇಟ್ಟುಕೊಳ್ಳುತ್ತಾರೆ, ಕೆಲವರು ರಾತ್ರಿ ಮಲಗುವಾಗಲೂ. ಹೆಂಗಸರೂ ಕಮ್ಮಿಯೇನಿಲ್ಲ. ಆಪರೇಷನ್ ಆದ ಮೇಲೆ ಆ ಕೆನ್ನೆ, ದವಡೆಯ ಭಾಗ ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣದ ಡಬ್ಬದಲ್ಲಿ ನನ್ನ ಟೇಬಲ್ಲಿಗೆ ಬರುತ್ತದೆ. ಫಾರ್ಮಲಿನ್ ಒಳಗಿಳಿಯುವುದಕ್ಕೇ ಸಮಯ ಬೇಕು. ಮೂಳೆ ಇದ್ದರೆ ಆಸಿಡ್‌ನಲ್ಲಿ ಮೆತ್ತಗಾಗಲು ಇನ್ನೂ ಕೆಲವು ದಿನ. ಅಂಚಿಗೆ ಇಂಕ್ ಹಚ್ಚಿ, ಗಡ್ಡೆಯಿಂದ ಅಂಚು ಎಷ್ಟು ದೂರ ಇದೆ ಅಂತ ಸ್ಕೇಲ್ ಇಟ್ಟು ಅಳೆದು, ಎಲ್ಲೆಲ್ಲಿಂದ ತುಂಡು ತೆಗೆಯಬೇಕು ಅಂತ ಆರಿಸುವುದು ನಾನೇ. ರಾತ್ರಿಯಿಡೀ ಪ್ರೊಸೆಸಿಂಗ್, ಅಂದರೆ ತುಂಡಿನ ನೀರು ತೆಗೆದು ಮೇಣ ಇಳಿಸುವ ಕೆಲಸ. ಬೆಳಿಗ್ಗೆ ಮೇಣದಲ್ಲಿ ಕೂರಿಸಿ, ನಾಲ್ಕೈದು ಮೈಕ್ರಾನ್ ದಪ್ಪಕ್ಕೆ ಕೊಯ್ದು, ಬಣ್ಣ ಹಾಕುವುದು ನಮ್ಮ ಟೆಕ್ನಿಷಿಯನ್‌ಗಳ ಕೈಚಳಕ. ಆಮೇಲೆ ಮೈಕ್ರೋಸ್ಕೋಪ್.

ಅಲ್ಲಿ ನೋಡುವುದು ಬರೀ ಕ್ಯಾನ್ಸರ್ ಇದೆಯಾ, ಇಲ್ವಾ ಅಂತಲ್ಲ. ಎಷ್ಟು ಆಳಕ್ಕೆ ಇಳಿದಿದೆ ಅಂತಲೂ ಅಳೆಯಬೇಕು. 2018ರಿಂದ ಬಳಕೆಯಲ್ಲಿರುವ ಎಜೆಸಿಸಿ (ಕ್ಯಾನ್ಸರ್ ಹಂತ ಗುರುತಿಸುವ ನಿಯಮ ಮಾಡುವ ಅಮೆರಿಕದ ಸಮಿತಿ) ನಿಯಮಗಳ 8ನೇ ಆವೃತ್ತಿಯ ಪ್ರಕಾರ, ಗಡ್ಡೆ 2 ಸೆಂ.ಮೀ. ಒಳಗೇ ಇದ್ದರೂ ಆಳ 5 ಮಿ.ಮೀ. ದಾಟಿ 10 ಮಿ.ಮೀ. ಒಳಗಿದ್ದರೆ ಅದು ಟಿ1 ಅಲ್ಲ, ಟಿ2 (ಟಿ ಅಂದರೆ ಗಡ್ಡೆಯ ಹಂತ; ಅಂಕಿ ಹೆಚ್ಚಿದಷ್ಟೂ ಗಡ್ಡೆ ಮುಂದುವರಿದಿದೆ ಅಂತ). ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ ಮತ್ತೆ ಆಪರೇಷನ್, ಇಲ್ಲವೇ ರೇಡಿಯೇಷನ್ ಜೊತೆ ಕೀಮೋ ಬೇಕಾಗಬಹುದು. ನಾನು ಬರೆಯುವ ಒಂದು ಸಾಲಿನ ಮೇಲೆ ಇಷ್ಟೆಲ್ಲ ನಿಂತಿರುತ್ತದೆ.

ಲ್ಯಾಬ್ ರಿಪೋರ್ಟ್‌ಗೆ ಪೆಥಾಲಜಿಯಲ್ಲಿ ಪಿಜಿ ಮಾಡಿದ ಡಾಕ್ಟರೇ ಸಹಿ ಹಾಕಬೇಕು ಅಂತ 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ನಮಗೆಲ್ಲ ಖುಷಿಯಾಗಿತ್ತು. ಆದರೆ ಬರೀ ಸಹಿ ನೋಡಿ ಜನ ನಮ್ಮನ್ನು ಗುರುತಿಸುವುದಿಲ್ಲ. ಎದ್ದು ಹೋಗಿ ಮಾತಾಡಬೇಕು. ಫಾರಂನಲ್ಲಿ 'ಕೆನ್ನೆ ಹುಣ್ಣು' ಅಂತಷ್ಟೇ ಬರೆದಿದ್ದರೆ ಸರ್ಜನ್‌ಗೆ ನಾನೇ ಫೋನ್ ಮಾಡುತ್ತೇನೆ. ಎಷ್ಟು ದಿನದಿಂದ ಇದೆ, ಮೊದಲು ರೇಡಿಯೇಷನ್ ಆಗಿತ್ತಾ ಅಂತ ಕೇಳುತ್ತೇನೆ. ಈಗ ಅವರೇ ಆಪರೇಷನ್‌ಗೆ ಮುಂಚೆ ನನಗೆ ಫೋನ್ ಮಾಡುತ್ತಾರೆ.

ಮುಳಬಾಗಿಲು ಕಡೆಯ ಅಜ್ಜಿಯೊಬ್ಬರು ಕತ್ತಿನ ಗಡ್ಡೆ ತೋರಿಸಲು ಬಂದಿದ್ದರು. ಎಫ್‌ಎನ್‌ಎಸಿ, ಅಂದರೆ ಸಣ್ಣ ಸೂಜಿಯಿಂದ ಗಡ್ಡೆಯ ಜೀವಕೋಶ ತೆಗೆದು ನೋಡುವ ಪರೀಕ್ಷೆ ಮಾಡಬೇಕಿತ್ತು. 'ಸೂಜಿ ಚುಚ್ಚಿದ್ರೆ ಗಡ್ಡೆ ಮೈಯೆಲ್ಲಾ ಹಬ್ಬುತ್ತಂತಲ್ಲಮ್ಮ?' ಅಂದರು. ಈ ಭಯಕ್ಕೇ ಎಷ್ಟೋ ಜನ ತಿಂಗಳುಗಟ್ಟಲೆ ತಡ ಮಾಡುತ್ತಾರೆ. 'ಇದು ಇಂಜೆಕ್ಷನ್ ಸೂಜಿಯಷ್ಟೇ ಸಣ್ಣದು ಅಜ್ಜಿ. ಹಬ್ಬುತ್ತೆ ಅಂತ ಹೆದರಬೇಡಿ. ಸೂಜಿ ಹಾಕೋದೂ ನಾನೇ, ನೋಡಿ ರಿಪೋರ್ಟ್ ಬರೆಯೋದೂ ನಾನೇ' ಅಂದೆ. ಪಕ್ಕದಲ್ಲಿದ್ದ ಮಗಳು ಕೇಳಿದಳು: 'ಹಾಗಾದ್ರೆ ಏನಾದ್ರೂ ಅರ್ಥ ಆಗದಿದ್ರೆ ನಿಮ್ಮನ್ನೇ ಕೇಳಬಹುದಾ ಮೇಡಂ?'

ಕೇಳಬಹುದು. ರಿಪೋರ್ಟ್‌ನಲ್ಲಿ ಬರೆದದ್ದರ ಅರ್ಥ ನಾನು ಹೇಳುತ್ತೇನೆ, ಚಿಕಿತ್ಸೆ ಏನು ಅಂತ ಸರ್ಜನ್ ಹೇಳುತ್ತಾರೆ. ನಮ್ಮ ಪಿಜಿ ಹುಡುಗರಿಗೂ ಹೇಳಿದ್ದೇನೆ: ಎಫ್‌ಎನ್‌ಎಸಿ ರೂಮಿನಲ್ಲಿ ಮೊದಲು ನಿಮ್ಮ ಹೆಸರು ಹೇಳಿ, ಪೆಥಾಲಜಿ ಡಾಕ್ಟರ್ ಅಂತ ಹೇಳಿ, ಆಮೇಲೆ ಸೂಜಿ ಕೈಗೆ ತಗೊಳ್ಳಿ.