ಲವ್ ಸ್ಟೋರಿ ಅಂತ ಕೂರಿಸಿ ಸಂಬಳದ ಲೆಕ್ಕ ತೋರಿಸುವುದೇಕೆ?

ಮನೆಗೆ ಬಂದವರು ಹಗುರವಾದ ಚೀನೀ ಚಿತ್ರವೊಂದನ್ನು ಹಾಕು ಎಂದಾಗಲೆಲ್ಲ ನಾನು ಹಾಕುವುದು 2010ರ ಏಪ್ರಿಲ್‌ನಲ್ಲಿ ತೆರೆಕಂಡ ‘ಗೋ ಲಾಲಾ ಗೋ!’. ಅರ್ಧ ಚಿತ್ರ ಮುಗಿಯುವಷ್ಟರಲ್ಲಿ ಎದುರಾಗುವ ಪ್ರಶ್ನೆಯೂ ಪ್ರತಿ ಸಲ ಒಂದೇ ಆಗಿರುತ್ತದೆ. ಅದನ್ನು ಉಳಿದವರೆಲ್ಲರಿಗಿಂತ ನೇರವಾಗಿ ಕೇಳಿದವರು ನಮ್ಮ ಅತ್ತಿಗೆ: “ಅಲ್ಲ ಕಣೇ, ಲವ್ ಸ್ಟೋರಿ ಅಂತ ಕೂರಿಸಿ ಯಾರದೋ ಪ್ರಮೋಷನ್ ಕಥೆ ತೋರಿಸ್ತಿದೀಯಲ್ಲ, ಇದರಲ್ಲಿ ಲವ್ ಎಲ್ಲಿದೆ?” ಅಂದು ನಗುತ್ತ ಜಾರಿಕೊಂಡಿದ್ದೆ. ಆಮೇಲೆ ಅದೇ ಮಾತನ್ನು ಇನ್ನಷ್ಟು ಜನ ಕೇಳಿದ್ದರಿಂದ ಉತ್ತರವನ್ನು ಬರೆದೇ ಇಡುವುದು ಲೇಸೆನಿಸಿತು.

ಚಿತ್ರ ನೋಡದವರಿಗಾಗಿ ಕಥೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ದು ಲಾಲಾ ಎಂಬ ಯುವತಿ ಬೀಜಿಂಗ್‌ನಲ್ಲಿ ಡಿಬಿ ಎಂಬ ಕಾಲ್ಪನಿಕ ಅಮೆರಿಕನ್ ಕಂಪನಿಯೊಂದಕ್ಕೆ ಸೆಕ್ರೆಟರಿಯಾಗಿ ಸೇರುತ್ತಾಳೆ, ಒಂದೊಂದೇ ಮೆಟ್ಟಿಲು ಹತ್ತಿ ಮಾನವ ಸಂಪನ್ಮೂಲ ವಿಭಾಗದ ಮ್ಯಾನೇಜರ್ ಆಗುತ್ತಾಳೆ. ಈ ನಡುವೆ ಮಾರಾಟ ವಿಭಾಗದ ನಿರ್ದೇಶಕನಾದ ವಾಂಗ್ ವೇ ಎಂಬವನಲ್ಲಿ, ಆಫೀಸಿನವರ ಬಾಯಲ್ಲಿ ಡೇವಿಡ್ ಆಗಿರುವವನಲ್ಲಿ, ಅವಳಿಗೆ ಪ್ರೀತಿ ಹುಟ್ಟುತ್ತದೆ. ಒಂದೇ ಕಂಪನಿಯ ನೌಕರರು ಪರಸ್ಪರ ಪ್ರೇಮಿಸಕೂಡದೆಂಬ ನಿಯಮ ಡಿಬಿಯಲ್ಲಿದೆ. ಸಾಲದ್ದಕ್ಕೆ ಅವನ ಹಳೆಯ ಗೆಳತಿ ರೋಸ್ ಕೂಡ ಅದೇ ಆಫೀಸಿನವಳು. ಲಾಲಾಳ ಪಾತ್ರ ವಹಿಸಿ ಚಿತ್ರವನ್ನು ನಿರ್ದೇಶಿಸಿದವರು ಶು ಜಿಂಗ್‌ಲೇ. ವಾಂಗ್ ವೇ ಆಗಿ ಸ್ಟ್ಯಾನ್ಲಿ ಹುವಾಂಗ್, ರೋಸ್ ಆಗಿ ಹಾಂಗ್‌ಕಾಂಗ್‌ನ ಗಾಯಕಿ ಕ್ಯಾರನ್ ಮಾಕ್ ನಟಿಸಿದ್ದಾರೆ.

ಅತ್ತಿಗೆಯ ಆಕ್ಷೇಪದಲ್ಲಿ ಅರ್ಧ ನಿಜವಿದೆ. ಚಿತ್ರದ ಚೀನೀ ಹೆಸರಿನಲ್ಲಿ ಪ್ರೇಮದ ಸುಳಿವೇ ಇಲ್ಲ. ಅದರ ಅರ್ಥ ‘ದು ಲಾಲಾಳ ಬಡ್ತಿಯ ವೃತ್ತಾಂತ’ ಎಂದು. ಅವಳು ಮೇಲೇರಿದ ಹಾಗೆಲ್ಲ ಹೊಸ ಹುದ್ದೆಯೂ ತಿಂಗಳ ಸಂಬಳವೂ ಪರದೆಯ ಮೇಲೆ ಅಕ್ಷರಗಳಲ್ಲಿ ಮೂಡುತ್ತವೆ. ನಾಯಕಿಯ ಸಂಬಳವನ್ನು ಹೀಗೆ ಬರೆದು ತೋರಿಸಿದ ಪ್ರೇಮಚಿತ್ರವನ್ನು ನಾನು ಬೇರೆ ಕಂಡಿಲ್ಲ. ನಾಯಕ ನಾಯಕಿಯರು ಯಾವುದೋ ಕೆಲಸ ಮಾಡುತ್ತಾರೆ, ಯಾವುದೋ ಬಂಗಲೆಯಲ್ಲಿರುತ್ತಾರೆ, ಬಾಡಿಗೆ ಕಟ್ಟುವವರು ಯಾರೆಂದು ಯಾರೂ ಕೇಳುವುದಿಲ್ಲ, ಅಂಥ ಚಿತ್ರಗಳನ್ನು ನೋಡಿಯೇ ನಾವು ಬೆಳೆದದ್ದು. ಇಲ್ಲಿ ಮೊದಲು ಅಂಕಿ ಬರುತ್ತದೆ, ಆಮೇಲೆ ಮುತ್ತು.

ಈ ಅಂಕಿಗಳ ಮೂಲವಿರುವುದು ಚಿತ್ರಕ್ಕೆ ಆಧಾರವಾದ ಕಾದಂಬರಿಯಲ್ಲಿ. ಲಿ ಕೆ ಎಂಬ ಹೆಸರಿನಲ್ಲಿ 2007ರಲ್ಲಿ ಪ್ರಕಟವಾದ ಈ ಪುಸ್ತಕವನ್ನು ಚೀನಾದ ಓದುಗರು ಕಥೆಗಾಗಿ ಓದಿದ್ದಕ್ಕಿಂತ ಆಫೀಸಿನಲ್ಲಿ ಬದುಕುವ ಕೈಪಿಡಿಯಾಗಿ ಓದಿದ್ದೇ ಹೆಚ್ಚು; ಅಲ್ಲಿ ಆಫೀಸು ಕಾದಂಬರಿ ಎಂಬ ಪ್ರಕಾರವೇ ಒಂದು ಅಲೆಯಂತೆ ಎದ್ದದ್ದು ಆ ವರ್ಷಗಳಲ್ಲಿ. ಅದರಲ್ಲಿ ಡಿಬಿಯ ನೌಕರರನ್ನು ವರ್ಗ ವರ್ಗವಾಗಿ ವಿಂಗಡಿಸುವ ಭಾಗವೊಂದಿದೆ. ಮ್ಯಾನೇಜರ್ ಹುದ್ದೆಗಿಂತ ಕೆಳಗಿನವರೆಲ್ಲ ಹೆಸರಿಗೆ ಶೋಕಿಯವರು, ನಿಜದಲ್ಲಿ ಬಡವರು, ಏಕೆಂದರೆ ಬಸ್ಸು ಮೆಟ್ರೋ ಬಿಟ್ಟು ಬೇರೆ ವಾಹನ ಹತ್ತಿದರೆ ಮನೆ ಸಾಲದ ಕಂತಿಗೇ ಸಂಚಕಾರ. ಮ್ಯಾನೇಜರ್ ಆದವರು ಮಧ್ಯಮ ವರ್ಗ. ನಿರ್ದೇಶಕರು ಒಂದಕ್ಕಿಂತ ಹೆಚ್ಚು ಮನೆಯುಳ್ಳವರು. ಅವರಿಗೂ ಮೇಲಿನವರು ಮಾತ್ರ ಶ್ರೀಮಂತರು. ಈ ಪಟ್ಟಿಯನ್ನು ಕಣ್ಣ ಮುಂದೆ ಇಟ್ಟುಕೊಂಡು ಸೆಕ್ರೆಟರಿ ಲಾಲಾ ಮತ್ತು ನಿರ್ದೇಶಕ ವಾಂಗ್ ವೇ ಇವರ ಪ್ರೇಮವನ್ನು ನೋಡಬೇಕು. ಅವರಿಬ್ಬರ ನಡುವೆ ಜಾತಿಯಿಲ್ಲ, ಎರಡು ಕುಟುಂಬಗಳ ಹಗೆಯಿಲ್ಲ, ಅಡ್ಡ ಬರುವ ಅಪ್ಪನಿಲ್ಲ. ಇರುವುದು ಆ ಮೆಟ್ಟಿಲುಗಳು ಮಾತ್ರ, ಮತ್ತು ಅವನ್ನು ಕಾಯುವ ಕಂಪನಿಯ ನಿಯಮ.

ಪ್ರೇಮ ಎಲ್ಲಿದೆ ಎಂಬುದಕ್ಕೆ ನನ್ನ ಉತ್ತರ ಇಲ್ಲಿಂದಲೇ ಹೊರಡುತ್ತದೆ. ಸಿಬ್ಬಂದಿಯೆಲ್ಲ ಥಾಯ್ಲೆಂಡ್‌ಗೆ ಪ್ರವಾಸ ಹೋದಾಗ ಅವರಿಬ್ಬರೂ ಹತ್ತಿರವಾಗುತ್ತಾರೆ. ಆಫೀಸಿನ ಗೋಡೆಗಳಿಂದ ಅಷ್ಟು ದೂರ ಹೋದ ಮೇಲೆ ಮಾತ್ರ ಅದು ಸಾಧ್ಯವಾಗುತ್ತದೆ. ಬೀಜಿಂಗ್‌ಗೆ ಮರಳಿದ ಮೇಲೆ ಒಬ್ಬರನ್ನೊಬ್ಬರು ಅರಿಯದವರಂತೆ ನಟಿಸಬೇಕು. ಅಷ್ಟು ಹೊತ್ತಿಗೆ ಲಾಲಾ ಏರುತ್ತಿರುವ ಮೆಟ್ಟಿಲು ಯಾವುದು? ಆ ನಿಯಮವನ್ನು ಜಾರಿಯಲ್ಲಿಡುವ ಮಾನವ ಸಂಪನ್ಮೂಲ ವಿಭಾಗದ್ದೇ. ಹಗಲೆಲ್ಲ ಕಾಯುವ ಕಟ್ಟಳೆಯನ್ನು ಸಂಜೆಯಾದ ಮೇಲೆ ತಾನೇ ಮುರಿಯುವ ಹೆಣ್ಣಿನ ಕಥೆ ಇದು, ಮತ್ತು ಬಡ್ತಿ ಸಿಕ್ಕಷ್ಟೂ ಆ ಕಳ್ಳತನದ ಬೆಲೆ ಏರುತ್ತ ಹೋಗುತ್ತದೆ. ಬಡ್ತಿಯ ಕಥೆಯನ್ನೂ ಪ್ರೇಮದ ಕಥೆಯನ್ನೂ ಬೇರೆ ಬೇರೆಯಾಗಿ ಬಿಡಿಸಿಟ್ಟು ನೋಡಹೊರಟವರಿಗೆ ಎರಡೂ ಸಪ್ಪೆಯೆನಿಸುವುದು ಸಹಜವೇ.

ನನಗೆ ಅತ್ಯಂತ ಪ್ರಿಯವಾದ ಭಾಗದಲ್ಲಿ ನಾಯಕನ ಪಾತ್ರ ಏನೂ ಇಲ್ಲ. ಅದು ಆಫೀಸಿನ ನವೀಕರಣದ ಪ್ರಸಂಗ. ಕಟ್ಟಡದೊಳಗೆ ಇಡೀ ಕಚೇರಿಯನ್ನು ಹೊಸದಾಗಿ ಮಾಡಿಸಬೇಕಾದ ಹೊತ್ತಿಗೆ ಸರಿಯಾಗಿ ರೋಸ್ ರಜೆ ಹಾಕುತ್ತಾಳೆ, ಯಾರೂ ಬೇಡವೆಂದ ಹೊರೆ ಲಾಲಾಳ ಹೆಗಲಿಗೆ ಬರುತ್ತದೆ. ನಾನು 14 ವರ್ಷ ಆಫೀಸೊಂದರ ಅಡ್ಮಿನ್ ವಿಭಾಗದಲ್ಲಿ ದುಡಿದವಳಾದ್ದರಿಂದ ಈ ಭಾಗವನ್ನು ಉಸಿರು ಬಿಗಿಹಿಡಿದೇ ನೋಡುತ್ತೇನೆ. ಒಂದು ಸಲ ಒಂದು ಮಹಡಿಯನ್ನಷ್ಟೇ ಬದಲಾಯಿಸಿದಾಗ ಕಿಟಕಿ ಪಕ್ಕದ ಕುರ್ಚಿ ಯಾರಿಗೆ, ಏಸಿಯ ಗಾಳಿ ಯಾರ ನೆತ್ತಿಗೆ, ಶೌಚಾಲಯದ ಬಾಗಿಲಿಗೆ ಎದುರಾಗಿ ಕೂರುವ ಪಾಪ ಯಾರದು ಎಂಬ ಜಗಳಗಳಲ್ಲಿ ನನ್ನ ಮೂರು ತಿಂಗಳು ಕಳೆದಿದ್ದವು. ಕೆಲಸ ಮುಗಿದ ದಿನ ಎಲ್ಲರೂ ಹೊಸ ಮೇಜುಗಳನ್ನು ಹೊಗಳಿದರು, ಮೇಜುಗಳು ತಾವಾಗಿ ನಡೆದು ಬಂದು ನಿಂತವೇನೋ ಎಂಬಂತೆ.

ಕಾದಂಬರಿಯ ಲಾಲಾಳಿಗೂ ಆಗುವುದು ಇದೇ. ಅಷ್ಟೆಲ್ಲ ಒದ್ದಾಡಿದ ಮೇಲೆ ಬಂದ ಸಂಬಳದ ಏರಿಕೆ ತೀರ ಅಲ್ಪ. ಅಳುತ್ತ ಕೂರುವ ಬದಲು ಅವಳು ಲೆಕ್ಕ ಹಾಕುತ್ತಾಳೆ: ಎಲ್ಲ ತೊಡಕುಗಳನ್ನೂ ಸದ್ದಿಲ್ಲದೆ ತಾನೇ ಬಿಡಿಸಿದ್ದರಿಂದ ತೊಡಕುಗಳಿದ್ದವೆಂಬುದೇ ಮೇಲಧಿಕಾರಿಗೆ ಗೊತ್ತಾಗಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಹಂತದ ಕೆಲಸವನ್ನೂ ಕೋಷ್ಟಕ ಮಾಡಿ ಕಳಿಸುತ್ತಾಳೆ. ಕಷ್ಟದ ಸಂಗತಿ ಎದುರಾದಾಗ ಎರಡು ಪರಿಹಾರ ಹಿಡಿದು ಅವನ ಕೋಣೆಗೇ ಹೋಗಿ, ಇವೆರಡರಲ್ಲಿ ಯಾವುದೆಂದು ಆರಿಸುವ ಕಷ್ಟವನ್ನು ಅವನಿಗೇ ಬಿಡುತ್ತಾಳೆ. ಸ್ವಲ್ಪ ಕುತಂತ್ರವೆನಿಸಬಹುದು. ಆದರೆ ಹತ್ತು ಜನರ ಕೆಲಸ ಮಾಡಿ ಬಾಯಿ ಮುಚ್ಚಿಕೊಂಡಿರುವುದೇ ಹೆಣ್ಣಿನ ಒಳ್ಳೆಯತನವೆಂದು ಕಲಿತು ಬಂದ ನನ್ನಂಥವಳಿಗೆ ಆ ಪುಟಗಳು ತಡವಾಗಿ ಸಿಕ್ಕ ಪಾಠ.

ಇಷ್ಟಾದ ಮೇಲೂ, ಈ ಹುಡುಗಿಗೆ ಪ್ರೇಮ ಯಾಕೆ ಎರಡನೆಯದಾಯಿತು ಎಂಬ ಪ್ರಶ್ನೆ ಉಳಿದೇ ಇದೆ. ಅದಕ್ಕೆ ಆ ಕಾಲದ ಚೀನಾವನ್ನು ಸ್ವಲ್ಪ ನೋಡಬೇಕು. ಚೀನಾ 2001ರ ಡಿಸೆಂಬರ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. ವಿದೇಶಿ ಕಂಪನಿಗಳ ಗಾಜಿನ ಕಟ್ಟಡಗಳು, ಒಳಗೆ ಡೇವಿಡ್, ರೋಸ್ ಎಂದು ಇಂಗ್ಲಿಷ್ ಹೆಸರು ತೊಟ್ಟ ಚೀನೀ ನೌಕರರು ದೊಡ್ಡ ನಗರಗಳ ಯುವಜನರ ಕನಸಾದರು. ಗುರುತು ಪರಿಚಯದ ಬಲವಿಲ್ಲದ, ಡಿಗ್ರಿಯನ್ನಷ್ಟೇ ನಂಬಿದ ಹೆಣ್ಣುಮಗಳಿಗೆ ಅಲ್ಲಿ ನಿಯಮಗಳಾದರೂ ಬರಹದಲ್ಲಿದ್ದವು. ಡಿಬಿಗೆ ಬರುವ ಮೊದಲು ಸಣ್ಣ ಖಾಸಗಿ ಸಂಸ್ಥೆಯೊಂದರಲ್ಲಿ ಮಾಲೀಕನ ಕಾಟ ತಾಳಲಾರದೆ ಲಾಲಾ ಕೆಲಸ ಬಿಟ್ಟಳೆಂದು ಕಾದಂಬರಿ ಹೇಳುತ್ತದೆ. ಅಂಥವಳಿಗೆ ಪ್ರೇಮವನ್ನು ನಿಷೇಧಿಸುವ ಕಂಪನಿಯಲ್ಲೂ ಒಂದು ಬಗೆಯ ಆಸರೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಇನ್ನೊಂದು ಮಗ್ಗುಲೂ ಇದೆ. ಕಾದಂಬರಿ ಬಂದ 2007ರಲ್ಲೇ ಚೀನಾದ ಶಿಕ್ಷಣ ಸಚಿವಾಲಯ ಹೊಸ ಪದಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಅದರಲ್ಲಿ ‘ಶಂಗ್‌ನ್ಯೂ’ ಎಂಬ ಪದವೂ ಸೇರಿತ್ತು. ಮದುವೆಯ ವಯಸ್ಸು ಮೀರಿತೆಂದು ಸಮಾಜ ತೀರ್ಮಾನಿಸಿದ, ಓದಿ ದುಡಿಯುವ ಹೆಣ್ಣಿಗೆ ಇಟ್ಟ ಹೆಸರದು. ಅದರ ಮೊದಲ ಅಕ್ಷರ ಉಂಡು ಮಿಕ್ಕ ಅನ್ನಕ್ಕೆ ಬಳಸುವಂಥದೇ ಆದ್ದರಿಂದ ಕನ್ನಡದಲ್ಲಿ ತಂಗಳು ಎಂದರೆ ಎಷ್ಟು ಚುಚ್ಚುತ್ತದೋ ಅಷ್ಟೇ ಚುಚ್ಚುತ್ತದೆ. ಹೊರಗೆ ಇಂಥ ಮಾತು ಕೇಳಿಬರುತ್ತಿದ್ದ ದಿನಗಳಲ್ಲಿ, ವಯಸ್ಸನ್ನು ಬದಿಗಿಟ್ಟು ಹುದ್ದೆಯನ್ನು ಪರದೆಯ ಮೇಲೆ ಬರೆಯುವ ನಾಯಕಿ ಎಷ್ಟು ಹೆಣ್ಣುಮಕ್ಕಳಿಗೆ ನಿರಾಳ ತಂದಿರಬೇಕು! ಚಿತ್ರದ ಗಳಿಕೆ 10 ಕೋಟಿ ಯುವಾನ್ ದಾಟಿದ್ದಕ್ಕೆ ಇದೂ ಒಂದು ಕಾರಣವೆಂದೇ ನನ್ನ ಎಣಿಕೆ. ರಂಗಭೂಮಿಗೂ ಟೀವಿಗೂ ಲಾಲಾ ಹೋದಳು. 2010ರ ಧಾರಾವಾಹಿಯಲ್ಲಿ ವಾಂಗ್ ಲುವೊದಾನ್ ಲಾಲಾ ಆದರು.

ಚಿತ್ರದ ಕುಂದುಗಳನ್ನು ನಾನು ಮುಚ್ಚಿಡುವುದಿಲ್ಲ. ವಾಂಗ್ ವೇ ಒಳ್ಳೆಯ ಸೂಟು ತೊಟ್ಟ ಗೊಂಬೆಯಂತಿದ್ದಾನೆ. ಲಾಲಾ ಅವನಲ್ಲಿ ಕಂಡದ್ದೇನೆಂದು ನನಗಿನ್ನೂ ಪೂರ್ತಿ ಹೊಳೆದಿಲ್ಲ. ಚಹಾದಿಂದ ಹಿಡಿದು ಕಾರಿನವರೆಗೆ ಜಾಹೀರಾತುಗಳು ದೃಶ್ಯಗಳೊಳಗೇ ಬಂದು ಕೂತಿವೆ. ಉಡುಪಿನ ಮೇಲ್ವಿಚಾರಣೆಗೆ ನ್ಯೂಯಾರ್ಕ್‌ನ ಹೆಸರಾಂತ ವಸ್ತ್ರವಿನ್ಯಾಸಕಿ ಪ್ಯಾಟ್ರೀಶಿಯಾ ಫೀಲ್ಡ್ ಅವರನ್ನೇ ಕರೆಸಿದ್ದರು, ಹಾಗಾಗಿ ಕೆಳದರ್ಜೆಯ ನೌಕರಳ ಸಂಬಳಕ್ಕೂ ಮೈಮೇಲಿನ ಬಟ್ಟೆಗೂ ತಾಳೆಯಾಗದ ಗಳಿಗೆಗಳು ಸಾಕಷ್ಟಿವೆ. ಪರದೆಯ ಮೇಲೆ ಸಂಬಳ ಬರೆದ ತಪ್ಪಿಗೆ ಪ್ರೇಕ್ಷಕರು ಲೆಕ್ಕ ಹಾಕಿಯೇ ಹಾಕುತ್ತಾರೆ. 2004ರಲ್ಲಿ ಸ್ಪೇನ್‌ನ ಸಾನ್ ಸೆಬಾಸ್ಟಿಯನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಿರ್ದೇಶನದ ಪ್ರಶಸ್ತಿ ಪಡೆದ ಶು ಜಿಂಗ್‌ಲೇ ಅವರ ಹಿಂದಿನ ಕೆಲಸ ಬಲ್ಲವರಿಗೆ ಇದು ಇಳಿತವೆಂದೂ ತೋರಬಹುದು.

ಈಚೆಗೆ ನೋಡಿದ ಇಪ್ಪತ್ತರ ಆಸುಪಾಸಿನವರು ಬೇರೆಯೇ ಒಂದು ಮಾತು ಕೇಳುತ್ತಾರೆ: ಆಫೀಸಿನಲ್ಲಿ ಮೇಲೇರುವುದು ಅಷ್ಟು ದೊಡ್ಡ ಕನಸಾಗಿತ್ತೇ? ಚೀನಾದಲ್ಲೂ ಅದರ ಹೊಳಪು ಮಾಸಿದೆ. ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ ವಾರಕ್ಕೆ 6 ದಿನ ದುಡಿಸುವ ‘996’ ಪದ್ಧತಿ ಕಾನೂನುಬಾಹಿರವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಹೇಳಬೇಕಾಯಿತು, ಅದೇ ವರ್ಷ ಓಟದಿಂದ ಹಿಂದೆ ಸರಿದು ಸುಮ್ಮನೆ ಮಲಗಿಬಿಡುವ ಮಾತು ಯುವಜನರಲ್ಲಿ ಹಬ್ಬಿತು. 2025ರ ಸಾಲಿನ ರಾಷ್ಟ್ರೀಯ ಸರ್ಕಾರಿ ನೌಕರಿ ಪರೀಕ್ಷೆಗೆ ಅರ್ಹತೆ ಪಡೆದವರು 34 ಲಕ್ಷಕ್ಕೂ ಹೆಚ್ಚು. ಇಂದಿನ ಲಾಲಾ ಬಹುಶಃ ಆ ಸಾಲಿನಲ್ಲಿ ನಿಂತಿರುತ್ತಿದ್ದಳು.

ಅತ್ತಿಗೆಗೆ ಇದನ್ನೆಲ್ಲ ಹೇಳಿದಾಗ ಅವರು ಪೂರ್ತಿ ಒಪ್ಪಲಿಲ್ಲ. ನಾಯಕನ ವಿಚಾರದಲ್ಲಿ ಅವರ ಮಾತಿಗೆ ನನ್ನ ಬಳಿ ಎದುರುತ್ತರವೂ ಇರಲಿಲ್ಲ. ನವೀಕರಣದ ಭಾಗವನ್ನು ಮಾತ್ರ ಇನ್ನೊಮ್ಮೆ ಹಾಕು ಎಂದರು, ಅವರದೂ ಬ್ಯಾಂಕಿನಲ್ಲಿ 20 ವರ್ಷದ ನೌಕರಿ. ಅಂದಿನಿಂದ ಯಾರಿಗೇ ಈ ಚಿತ್ರ ತೋರಿಸುವುದಿದ್ದರೂ ಲವ್ ಸ್ಟೋರಿ ಎನ್ನುವುದನ್ನು ಬಿಟ್ಟು, ಅದರ ಚೀನೀ ಹೆಸರಿನ ಅರ್ಥವನ್ನು ಮೊದಲೇ ಹೇಳಿ ಕೂರಿಸುತ್ತೇನೆ.