ಹ್ಯಾಲಿಫ್ಯಾಕ್ಸ್‌ನ ಪ್ರಾವಿನ್ಸ್ ಹೌಸ್‌ನಲ್ಲಿ

ಹ್ಯಾಲಿಫ್ಯಾಕ್ಸ್‌ಗೆ ಹೋದವರು ಸಾಮಾನ್ಯವಾಗಿ ಬಂದರು ನೋಡುತ್ತಾರೆ, ಸಿಟಾಡೆಲ್ ಕೋಟೆ ಹತ್ತಿ ಇಳಿಯುತ್ತಾರೆ. ನಾನು ಹೋಗಿದ್ದು ಮಾತ್ರ ಇವೆರಡರ ನಡುವೆ, ಹಾಲಿಸ್ ಸ್ಟ್ರೀಟಿನಲ್ಲಿರುವ ಪ್ರಾವಿನ್ಸ್ ಹೌಸ್‌ಗಾಗಿ. 1819ರ ಮರಳುಗಲ್ಲಿನ ಕಟ್ಟಡ. ಕೆನಡಾದ ನೋವಾ ಸ್ಕಾಷಿಯಾ ಪ್ರಾಂತ್ಯದ ಶಾಸನಸಭೆ ಈಗಲೂ ಇಲ್ಲೇ ಸೇರುತ್ತದೆ. ಒಳಗೆ ಹೋಗಲು ಟಿಕೆಟ್ ಬೇಕಿಲ್ಲ.

ಮೊದಲು ರೆಡ್ ಚೇಂಬರ್‌ಗೆ, ಅಂದರೆ ಹಿಂದೆ ಮೇಲ್ಮನೆ ಸೇರುತ್ತಿದ್ದ ಕೋಣೆಗೆ ಹೋದೆ. ಅಲ್ಲೊಂದು ಹಳೆಯ ಓಕ್ ಮೇಜಿದೆ. 1749ರಲ್ಲಿ ಗವರ್ನರ್ ಕಾರ್ನ್‌ವಾಲಿಸ್ ಬ್ಯೂಫೋರ್ಟ್ ಹಡಗಿನಲ್ಲಿ ತಾನೇ ನೇಮಿಸಿದ ಸಲಹಾ ಮಂಡಳಿ, ಅಂದರೆ ಕೌನ್ಸಿಲ್ ಸೇರಿಸಿದ್ದು ಇದರ ಸುತ್ತಲೇ ಎನ್ನುತ್ತಾರೆ. ಜನ ಆರಿಸಿದ ಸಭೆ, ಅಂದರೆ ಕೆಳಮನೆ, 1758ರಲ್ಲೇ ಬಂತು. ಆದರೆ ಆಡಳಿತ ಕೌನ್ಸಿಲ್‌ನ ಕೈ ಬಿಡಲಿಲ್ಲ. ಮುಖ್ಯ ನ್ಯಾಯಾಧೀಶ, ಬಿಷಪ್, ಒಂದೇ ಬ್ಯಾಂಕಿನ ಪಾಲುದಾರರು, ಹೀಗೆ ಹನ್ನೆರಡು ಮಂದಿ. ಸರ್ಕಾರವೂ ಅವರೇ, ಮೇಲ್ಮನೆಯೂ ಅವರೇ. ಬಾಗಿಲು ಹಾಕಿಕೊಂಡು ಸಭೆ ನಡೆಸುತ್ತಿದ್ದರು. ಕೆಳಮನೆ ಎಷ್ಟು ಕೂಗಾಡಿದರೂ ಅವರನ್ನು ಇಳಿಸೋಕೆ ಆಗುತ್ತಿರಲಿಲ್ಲ.

ನನಗೆ ಹೊರಡಲು ಮನಸ್ಸೇ ಬಾರದ ಜಾಗ ಅಂದರೆ ಲೈಬ್ರರಿ. ಎರಡು ಕಡೆಯಿಂದ ಬಾಗಿ ಏರುವ ಮೆಟ್ಟಿಲು, ಮೇಲೆ ಸುತ್ತಲೂ ಪುಸ್ತಕದ ಕಪಾಟು. ಹಿಂದೆ ಇದು ಸುಪ್ರೀಂ ಕೋರ್ಟ್. 1835ರ ಮಾರ್ಚ್‌ನಲ್ಲಿ ಪತ್ರಿಕೆಯ ಸಂಪಾದಕ ಜೋಸೆಫ್ ಹೌ ಇಲ್ಲಿ ಆರೋಪಿಯಾಗಿ ನಿಂತಿದ್ದ. ನಗರದ ಮ್ಯಾಜಿಸ್ಟ್ರೇಟರು ಜನರ ಹಣ ನುಂಗುತ್ತಿದ್ದಾರೆ ಎಂಬ ಪತ್ರವನ್ನು ಅವನು ಅಚ್ಚು ಹಾಕಿದ್ದ. ಬರೆದದ್ದು ನಿಜ ಎಂದು ತೋರಿಸಿದರೂ ಆಗಿನ ಮಾನಹಾನಿ ಕಾನೂನು ಬಿಡುತ್ತಿರಲಿಲ್ಲ. ಕೇಸು ಗೆಲ್ಲಲ್ಲ ಅಂದುಬಿಟ್ಟರು ವಕೀಲರು. ಹೌ ಕಾನೂನು ಪುಸ್ತಕ ಎರವಲು ತಂದು ತಾನೇ ಓದಿದ, ತಾನೇ ವಾದಿಸಿದ, ಆರು ಗಂಟೆಗೂ ಜಾಸ್ತಿ. ತಪ್ಪಿತಸ್ಥ ಎನ್ನಿ ಎಂದೇ ನ್ಯಾಯಾಧೀಶ ಜ್ಯೂರಿಗೆ ಸೂಚಿಸಿದ್ದ. ಜ್ಯೂರಿ ಹತ್ತೇ ನಿಮಿಷದಲ್ಲಿ ಬಂದು ನಿರ್ದೋಷಿ ಎಂದಿತು! ಆ ಕೋಣೆಯಲ್ಲಿ ನಿಂತು ಇದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಮರುವರ್ಷ ಹೌ ಶಾಸಕನಾದ. ಸಭೆಯ ಬಹುಮತದ ನಂಬಿಕೆ ಇದ್ದವರೇ ಸರ್ಕಾರ ನಡೆಸಬೇಕು, ಅಂದರೆ ಜವಾಬ್ದಾರಿ ಸರ್ಕಾರ ಬೇಕು ಎಂಬ ಹೋರಾಟಕ್ಕೆ ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಜನರ ಅಭಿಪ್ರಾಯಕ್ಕೆ ವಿರುದ್ಧವಾಗಿ ಆಳೋಕೆ ಆಗಲ್ಲ, ಆಳಲೂಬಾರದು ಎಂದು ಲಂಡನ್‌ನ ವಸಾಹತು ಮಂತ್ರಿ ಅರ್ಲ್ ಗ್ರೇ 1846ರಲ್ಲಿ ಗವರ್ನರಿಗೆ ಬರೆದ. ಮುಂದಿನ ವರ್ಷದ ಚುನಾವಣೆಯಲ್ಲಿ ಹೌ ಕಡೆಯ ಸುಧಾರಣಾವಾದಿಗಳು ಗೆದ್ದರು. 1848ರ ಜನವರಿಯಲ್ಲಿ ಇದೇ ಕಟ್ಟಡದಲ್ಲಿ ಅವಿಶ್ವಾಸ ನಿರ್ಣಯ ಪಾಸಾಗಿ ಹಳೆಯ ಸರ್ಕಾರ ಬಿತ್ತು. ಫೆಬ್ರವರಿ 2ಕ್ಕೆ ಜೇಮ್ಸ್ ಬಾಯ್ಲ್ ಯೂನಿಯಾಕ್‌ನ ಮಂತ್ರಿಮಂಡಲ ಬಂತು. ಬ್ರಿಟಿಷ್ ವಸಾಹತುಗಳಲ್ಲಿ ಮೊದಲ ಜವಾಬ್ದಾರಿ ಸರ್ಕಾರ ಅದು. ಒಂದು ಗುಂಡೂ ಹಾರಲಿಲ್ಲ.

1758ರಿಂದ 1848, ಭರ್ತಿ 90 ವರ್ಷ. ನಮ್ಮ ಮೈಸೂರಿನಲ್ಲೂ ಹಾಗೇ ಅಲ್ವಾ? ಪ್ರಜಾಪ್ರತಿನಿಧಿ ಸಭೆ 1881ರಲ್ಲೇ ಬಂತು, ಜವಾಬ್ದಾರಿ ಸರ್ಕಾರಕ್ಕೆ 1947ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು, ಅದೂ ಮೈಸೂರು ಚಲೋ ನಡೆದ ಮೇಲೆ.

ಹೊರಗೆ ಅಂಗಳದಲ್ಲಿ ಕೈ ಚಾಚಿ ನಿಂತ ಹೌ ಪ್ರತಿಮೆ ಇದೆ. ಅವನ ಮೇಲೆ ನನಗಿರುವ ಗೌರವ ದೊಡ್ಡದು. ಆದರೂ ಒಂದು ಮಾತು ಹೇಳಲೇಬೇಕು. ಹೊಸ ವ್ಯವಸ್ಥೆ ಬಂದು ಮೂರೇ ವರ್ಷಕ್ಕೆ, 1851ರಲ್ಲಿ, ಹೆಂಗಸರಿಗೆ ಮತವಿಲ್ಲ ಎಂದು ಇದೇ ಸಭೆ ಕಾನೂನಿನಲ್ಲೇ ಬರೆದಿಟ್ಟಿತು. ಅದನ್ನು ತೆಗೆದದ್ದು 1918ರಲ್ಲಿ.