ಶತ್ರುವಿಗೆ ಹೇಳಿದ ಕನಸು

ಈ ಭಾನುವಾರ ಚಿಕ್ಕಪ್ಪನ ಮನೆಯಲ್ಲಿ ‘ಹೀಟ್’ ಅನ್ನುವ ಇಂಗ್ಲಿಷ್ ಸಿನಿಮಾ ಹಾಕಿದ್ದೆ. ಚಿಕ್ಕಪ್ಪ ಪೊಲೀಸ್ ಇಲಾಖೆಯ ಕ್ರೈಂ ವಿಭಾಗದಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಕಳ್ಳ-ಪೊಲೀಸ್ ಸಿನಿಮಾ ಅಂದ್ರೆ ಜೀವ. ಚಿಕ್ಕಮ್ಮ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಅವರಿಗೆ ಇಂಗ್ಲಿಷ್ ಬರಲ್ಲ, ನಾನು ನಡುನಡುವೆ ಕನ್ನಡದಲ್ಲಿ ಹೇಳುತ್ತಿದ್ದೆ.

1995ರಲ್ಲಿ ಮೈಕಲ್ ಮ್ಯಾನ್ ಮಾಡಿದ ಸಿನಿಮಾ ಅದು. ಲಾಸ್ ಏಂಜಲೀಸ್‌ನಲ್ಲಿ ದರೋಡೆ ಮಾಡುವ ನೀಲ್ ಮೆಕಾಲೆಯಾಗಿ ರಾಬರ್ಟ್ ಡಿ ನಿರೋ, ಅವನ ಬೆನ್ನು ಹತ್ತಿದ ಪೊಲೀಸ್ ವಿನ್ಸೆಂಟ್ ಹ್ಯಾನಾ ಆಗಿ ಅಲ್ ಪಚಿನೋ. ಬ್ಯಾಂಕ್ ದರೋಡೆಯ ನಂತರ ನಡುಬೀದಿಯಲ್ಲಿ ನಡೆಯುವ ಗುಂಡಿನ ಕಾಳಗವನ್ನು ಎಲ್ಲರೂ ಹೊಗಳುತ್ತಾರೆ. ಕಟ್ಟಡಗಳಿಗೆ ಬಡಿದು ವಾಪಸ್ ಬರುವ ಆ ಸದ್ದು ನಿಜಕ್ಕೂ ಮೈ ನಡುಗಿಸುತ್ತದೆ. ಆದರೆ ನಮ್ಮ ಮನೆಯಲ್ಲಿ ಸಿನಿಮಾ ನಿಂತಿದ್ದು ಅದಕ್ಕೂ ಮುಂಚೆ, ಕಾಫಿ ದೃಶ್ಯದಲ್ಲಿ.

ಹ್ಯಾನಾ ರಸ್ತೆಯಲ್ಲಿ ಮೆಕಾಲೆಯ ಕಾರು ನಿಲ್ಲಿಸಿ ಕಾಫಿಗೆ ಕರೆಯುತ್ತಾನೆ. ಒಂದು ಟೇಬಲ್, ಎದುರುಬದುರು ಇಬ್ಬರು. ಎರಡು ಕ್ಯಾಮೆರಾಗಳನ್ನು ಒಟ್ಟಿಗೇ ಓಡಿಸಿ ಇದನ್ನು ತೆಗೆದಿದ್ದಾರೆ, ಒಬ್ಬನ ಮಾತಿಗೆ ಇನ್ನೊಬ್ಬನ ಮುಖ ಆ ಕ್ಷಣದಲ್ಲೇ ಸಿಗಲಿ ಅಂತ. ಇದು ಬರೀ ಕಲ್ಪನೆಯೂ ಅಲ್ಲ. ಶಿಕಾಗೋದಲ್ಲಿ ಚಕ್ ಆಡಮ್ಸನ್ ಅನ್ನುವ ಪತ್ತೇದಾರ ನೀಲ್ ಮೆಕಾಲೆ ಅನ್ನುವ ಹೆಸರಿನದೇ ಕಳ್ಳನ ಜೊತೆ ನಿಜವಾಗಿ ಕಾಫಿ ಕುಡಿದಿದ್ದ. 1964ರಲ್ಲಿ ಒಂದು ದರೋಡೆಯ ನಂತರ ಆ ಕಳ್ಳ ಪೊಲೀಸರ ಗುಂಡಿಗೆ ಸತ್ತ. ಆಡಮ್ಸನ್ ಹೇಳಿದ ಆ ಕತೆಯೇ ಸಿನಿಮಾಕ್ಕೆ ಬೀಜ.

ಟೇಬಲ್‌ನಲ್ಲಿ ಹ್ಯಾನಾ ತನ್ನ ಕನಸು ಹೇಳುತ್ತಾನೆ. ದೊಡ್ಡ ಊಟದ ಮೇಜು, ಸುತ್ತ ತಾನು ತನಿಖೆ ಮಾಡಿದ ಕೊಲೆಗಳಲ್ಲಿ ಸತ್ತವರು. ಯಾರೂ ಮಾತಾಡಲ್ಲ, ಸುಮ್ನೆ ನೋಡುತ್ತಾರೆ. ಕಳ್ಳನೂ ತನ್ನ ಕನಸು ಹೇಳುತ್ತಾನೆ, ನೀರಲ್ಲಿ ಮುಳುಗುವ ಕನಸು.

ನಾನು ಇದನ್ನು ಕನ್ನಡದಲ್ಲಿ ಹೇಳಿ ಮುಗಿಸಿದಾಗ ಚಿಕ್ಕಮ್ಮನ ಕೈ ನಿಂತಿತ್ತು. ಅರ್ಧ ಬಿಚ್ಚಿದ ಕಾಯಿ ಹಾಗೇ ಬೆರಳಲ್ಲಿತ್ತು.

“ಈ ಕನಸನ್ನ ಹೆಂಡ್ತಿಗೆ ಹೇಳಿದಾನಾ?”

“ಇಲ್ಲ ಚಿಕ್ಕಮ್ಮ.”

“ಕಳ್ಳನಿಗೆ ಹೇಳ್ದ, ಅಲ್ವಾ? ಇನ್ನೊಂದ್ಸಲ ಹಾಕು.”

ಹಾಕಿದೆ. ಎರಡನೇ ಸಲ ಚಿಕ್ಕಪ್ಪನೇ ಮಾತು ತೆಗೆದರು. “ಅದನ್ನೆಲ್ಲ ಮನೇಲಿ ಹೇಳಿದ್ರೆ ನಿಂಗೆ ನಿದ್ದೆ ಬರ್ತಿತ್ತಾ?”

“ನೀವು ಹೇಳ್ದೆ ಇದ್ದಾಗ ಬಂತಾ?”

ಅಷ್ಟೇ. ಚಿಕ್ಕಮ್ಮ ಮತ್ತೆ ಅವರೆಕಾಯಿಗೆ ಕೈ ಹಾಕಿದರು. ಚಿಕ್ಕಪ್ಪ ಟಿವಿ ಕಡೆ ತಿರುಗಿದರು. ವಾರವಿಡೀ ನನ್ನ ತಲೆಯಲ್ಲಿ ಇದೇ ಓಡುತ್ತಿದೆ. ನೀವು ಹೇಳ್ದೆ ಇದ್ದಾಗ ಬಂತಾ?

ಹ್ಯಾನಾನ ಹೆಂಡತಿ ಜಸ್ಟೀನ್ ಕೂಡ ಅದನ್ನೇ ಕೇಳುತ್ತಾಳೆ. ನೀನು ನನ್ನ ಜೊತೆ ಏನನ್ನೂ ಹಂಚಿಕೊಳ್ಳಲ್ಲ, ಸತ್ತವರ ನಡುವೆಯೇ ಬದುಕ್ತೀಯ ಅನ್ನುತ್ತಾಳೆ. ಈ ಸಂಕಟ ಒಳಗೇ ಇದ್ದರೆ ನಾನು ಚುರುಕಾಗಿರ್ತೀನಿ ಅನ್ನೋದು ಅವನ ವಾದ. ನಾನು ಒಪ್ಪಲ್ಲ. ಚುರುಕು ಹೋಗುತ್ತದೆ ಅನ್ನುವ ಭಯ ಇದ್ದಿದ್ದರೆ ಕಾಫಿ ಟೇಬಲ್‌ನಲ್ಲೂ ಬಾಯಿ ಬಿಡುತ್ತಿರಲಿಲ್ಲ. ಕಳ್ಳನಿಗೆ ಹೇಳಿದರೆ ಅವನು ಎದ್ದು ಹೋಗುತ್ತಾನೆ. ಹೆಂಡತಿಗೆ ಹೇಳಿದರೆ ಮರುದಿನವೂ ಅವಳ ಮುಖ ನೋಡಬೇಕು, ಅವಳು ಮತ್ತೆ ಕೇಳುತ್ತಾಳೆ. ಅದು ಕಷ್ಟ.

ಮೆಕಾಲೆಯದು ಇನ್ನೊಂದು ರೀತಿ. 30 ಸೆಕೆಂಡಿನಲ್ಲಿ ಬಿಟ್ಟು ಹೋಗಲಾಗದ ಯಾವುದನ್ನೂ ಹಚ್ಚಿಕೊಳ್ಳಬಾರದು ಅನ್ನೋದು ಅವನ ನಿಯಮ. ಜನ ಇದನ್ನು ಭಾರೀ ಮಾತು ಅಂತ ಮೆಚ್ಚುತ್ತಾರೆ. ಕೊನೆಗೆ ಅವನು ಬಿಟ್ಟು ಹೋಗುವಾಗ ಕಾರಿನ ಹತ್ತಿರ ಅವನಿಗಾಗಿ ಕಾದು ನಿಂತ ಪ್ರೇಯಸಿ ಈಡಿಯ ಮುಖ ನೋಡಿದ ಮೇಲೂ ಮೆಚ್ಚೋದು ಹೇಗೆ?

ಚಿಕ್ಕಪ್ಪ ಒಳ್ಳೆಯವರು. ತಾವು ಹಿಡಿದಿದ್ದ ಹಳೇ ಕಳ್ಳನೊಬ್ಬ ಸಂತೆಯಲ್ಲಿ ಸಿಕ್ಕರೆ ಈಗಲೂ ನಿಂತು ಅರ್ಧ ಗಂಟೆ ಮಾತಾಡುತ್ತಾರೆ, ಅವನ ಮಗಳ ಮದುವೆ ಸಮೇತ ವಿಚಾರಿಸುತ್ತಾರೆ. ಚಿಕ್ಕಮ್ಮ ಚೀಲ ಹಿಡಿದು ಪಕ್ಕದಲ್ಲಿ ಕಾಯುತ್ತಾರೆ. ಕ್ವಾರ್ಟರ್ಸ್‌ನಲ್ಲಿದ್ದಾಗ ರಾತ್ರಿ ಜೀಪಿನ ಸದ್ದಿಗೆ ಎದ್ದು ಬಾಗಿಲು ತೆಗೆದು, ಮುಖ ನೋಡಿಯೇ ಏನೋ ಆಗಿದೆ ಅಂತ ತಿಳಿದು, ಕೇಳದೆ ಅನ್ನ ಬಡಿಸಿದವರು ಅವರು. ಚಿಕ್ಕಪ್ಪ ಹೇಳದೇ ಇದ್ದಿದ್ದು ಪ್ರೀತಿಯಿಂದಲೇ ಇರಬಹುದು. ಆದರೂ ಭಾನುವಾರ ಚಿಕ್ಕಮ್ಮ ಕೇಳಿದ್ದಕ್ಕೆ ಅವರು ಉತ್ತರ ಕೊಡಬೇಕಿತ್ತು. ಈಗಲೂ ತಡವಾಗಿಲ್ಲ, ಇಬ್ಬರೂ ಆ ಮನೆಯಲ್ಲೇ ಇದ್ದಾರೆ.